ರಕ್ತದ ನಂಬರಿಗೆ ಅಣ್ಣಯ್ಯ ನೋಡಿದ ಹದ

ಆ ಸಾಯಂಕಾಲ ಅಣ್ಣಯ್ಯನ ಮನೆ ಜಗಲಿ ಮೇಲೆ ನಾವು ಐದು ಜನ ಇದ್ದೆವು. ಭಾರತೀನಗರ ದಾಟಿ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು, ಕಬ್ಬಿನ ಗದ್ದೆ ನಡುವೆ ಒಂದಿಷ್ಟು ದೂರ ನಡೆದರೆ ಸಿಗುವ ಮನೆ ಅದು. ನಾನು ಹುಟ್ಟಿದ ಮನೆಯೂ ಅದೇ. ಕಂಬಕ್ಕೆ ಬೆನ್ನು ಕೊಟ್ಟು ಅಣ್ಣಯ್ಯ ಕೂತಿದ್ದ. ಗೋಡೆ ಬದಿಗೆ ನಮ್ಮವ್ವ, ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತ. ಹೊಸ್ತಿಲ ಒಳಗೆ ಅತ್ತಿಗೆ, ನಿಂತೇ. ಗಂಡ ಕೂತ ಜಾಗದಲ್ಲಿ ಅವಳು ಕೂತದ್ದನ್ನು ನಾನು ನೋಡಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಒಬ್ಬಳೇ ಮಗಳು, ಆ ವರ್ಷ ಡಿಗ್ರಿ ಸೇರಿದ್ದವಳು, ತೊಡೆ ಮೇಲೆ ಮುಚ್ಚಳದ ಡಬ್ಬಿ ಇಟ್ಟುಕೊಂಡು. ಆ ಡಬ್ಬಿ ಕಫ ಉಗುಳುವುದಕ್ಕೆ. ಐದನೆಯವಳು ನಾನು, ಮದ್ದೂರಿಗೆ ಕೊಟ್ಟ ಹೆಣ್ಣು, ಆ ಹುಡುಗಿಯ ಸೋದರತ್ತೆ.

ಎಲ್ಲರೂ ಅವಳ ಫೋನು ನೋಡುತ್ತಿದ್ದೆವು. ಮದ್ದೂರಿನ ಲ್ಯಾಬಿನವರು ರಕ್ತದ ರಿಪೋರ್ಟನ್ನು ವಾಟ್ಸಾಪಿಗೆ ಹಾಕುತ್ತೇವೆ ಅಂದಿದ್ದರು. ಫೋನು ಸದ್ದು ಮಾಡಿದ ಕೂಡಲೇ ಅವ್ವನ ಕುಟ್ಟಾಣಿ ನಿಂತಿತು.

"ಎಷ್ಟ್ ಬಂತ್ಲಾ?" ಅಂದ ಅಣ್ಣಯ್ಯ. ಮಗಳನ್ನು ಮುದ್ದಿಗೆ ಗಂಡುಹುಡುಗನ ಹಾಗೆ ಕರೆಯುವುದು ಅವನ ರೂಢಿ.

"ಒಂದಂಕಿಗೆ ಇಳಿದದೆ ಕಣಪ್ಪಯ್ಯ."

"ಎಲ್ಲಿ, ತೋರ್ಸು." ಕನ್ನಡಕ ಏರಿಸಿ ನೋಡಿದ. ತೊಡೆ ತಟ್ಟಿಕೊಂಡ. "ನೊರೆ ತಗ್ತು. ಇನ್ನು ಬೆಂಕಿ ಎಳೀಬೇಕು."

ಇದು ಆಲೆಮನೆಯ ಮಾತು. ಬೆಲ್ಲ ಕಾಯಿಸುವವರು ಆಡುವ ಮಾತು. ನಮ್ಮಣ್ಣಯ್ಯನ ಆಲೆಮನೆ ಗದ್ದೆಯ ತುದಿಯಲ್ಲೇ ಇದೆ. ಗಾಣ ಅರೆದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುವಾಗ ನೊರೆ ಎದ್ದು ಕುಣಿಯುತ್ತದೆ. ಹಾಲು ಪಾಕವಾಗುತ್ತ ಬಂದಂತೆ ನೊರೆ ತಗ್ಗುತ್ತದೆ. ತಗ್ಗಿದ ಆ ಗಳಿಗೆಯಲ್ಲಿ ಒಲೆಯ ಬೆಂಕಿ ಎಳೆಯಬೇಕು. ತಡವಾದರೆ ಬೆಲ್ಲ ಕಪ್ಪಾಗಿ ಕಹಿ ಬರುತ್ತದೆ, ಮೊದಲೇ ಎಳೆದರೆ ಅಚ್ಚು ಕಟ್ಟುವುದಿಲ್ಲ. ಆ ಗಳಿಗೆಗೆ ಹದ ಅನ್ನುತ್ತಾರೆ. ಅಣ್ಣಯ್ಯನಷ್ಟು ಹದ ತಿಳಿದವನು ಸುತ್ತಿನಲ್ಲಿ ಯಾರೂ ಇರಲಿಲ್ಲ. ಬೇರೆ ಆಲೆಮನೆಯವರೂ ಪಾಕ ಕೆಟ್ಟರೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಹಾಗೆ ಕರೆದೊಯ್ಯುವ ಜನ ಇದ್ದವನಿಗೆ ಡಾಕ್ಟರ ಮಾತು ಅರ್ಧವೇ ಕೇಳಿಸುತ್ತದೆ.

ಹುಡುಗಿಯ ಕಾಯಿಲೆ ಹುಟ್ಟಿನದು. ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಆ ಹೆಸರು ಸಿಗುವುದಕ್ಕೇ ವರ್ಷಗಳು ಹಿಡಿದವು. ಚಿಕ್ಕವಳಾಗಿದ್ದಾಗ ಕ್ಷಯ ಅಂದರು, ಕ್ಷಯದ ಮಾತ್ರೆ ನುಂಗಿಸಿದರು. ವಾಸಿಯಾಗಲಿಲ್ಲ ಅಂತ ಮತ್ತೊಮ್ಮೆ ನುಂಗಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಬೆವರು ಪರೀಕ್ಷೆ ಮಾಡಿ ಇದು ಇಂಥದ್ದು ಅಂದರು. ಎದೆಯೊಳಗಿನ ಕಫ ಎಲ್ಲರಿಗಿರುವ ಹಾಗೆ ತೆಳ್ಳಗಿರದೆ ಅಂಟಾಗಿ ಕೂರುತ್ತದೆ. ಅದರಲ್ಲಿ ಕ್ರಿಮಿ ಸೇರಿಕೊಳ್ಳುತ್ತದೆ. ಸೇರಿದ ಮೇಲೆ ಪೂರ್ತಿ ಬಿಟ್ಟು ಹೋಗುವುದಿಲ್ಲ.

ತಾಯಿ ತಂದೆ ಇಬ್ಬರ ರಕ್ತದಲ್ಲೂ ಒಂದೊಂದು ತಪ್ಪು ಅಡಗಿದ್ದು, ಎರಡೂ ಕೂಸಿಗೆ ಬಂದರೆ ಹೀಗಾಗುತ್ತದೆ ಅಂತ ಅಲ್ಲಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ಸಂಬಂಧದೊಳಗೇ ಮದುವೆಯಾದರೆ ಹಾಗಾಗುವುದು ಹೆಚ್ಚು ಅಂದರು. ಅತ್ತಿಗೆ ನಮ್ಮ ತೀರಿಹೋದ ಅಕ್ಕನ ಮಗಳು. ನನ್ನ ಸೊಂಟದ ಮೇಲೆ ಬೆಳೆದವಳು, ಇವತ್ತಿಗೂ ನನ್ನನ್ನು ಚಿಕ್ಕವ್ವ ಅಂತಲೇ ಕರೆಯುತ್ತಾಳೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೆಣ್ಣು ಹುಟ್ಟಿದ ದಿನವೇ ತೀರ್ಮಾನವಾಗುವ ಮಾತು. ಹೆಣ್ಣು ಪರರ ಮನೆಗೆ ಹೋಗುವುದಿಲ್ಲ, ಗದ್ದೆ ಒಡೆಯುವುದಿಲ್ಲ ಅಂತ.

ಡಾಕ್ಟರ ಚಿತ್ರ ನೋಡಿ ಬಂದ ಮೇಲೆ ಅವ್ವ ಅತ್ತಿಗೆಗೆ ಅಂದದ್ದು, "ನಿನ್ ವೊಟ್ಟೇಲೇ ಕೆಟ್ಟದ್ದಿತ್ತು ಕಣೇ."

ನಾನು ತಡೆಯಲಾರದೆ ಅಂದೆ, "ಅವಳ ವೊಟ್ಟೆ ಎಲ್ಲಿಂದ ಬಂತವ್ವ? ನಿನ್ ಮಗಳ ವೊಟ್ಟೆಯಿಂದ. ಅಣ್ಣಯ್ಯ ಎಲ್ಲಿಂದ ಬಂದ? ಎರಡು ಕಡೆಯಿಂದ್ಲೂ ನಿನ್ ಬಾಗಿಲಿಗೇ ಬತ್ತದೆ ನೋಡು."

ಅವ್ವ ನನ್ನ ಜೊತೆ ಒಂದು ಹಬ್ಬ ಕಳೆಯುವ ತನಕ ಮಾತಾಡಲಿಲ್ಲ. ಹುಡುಗಿ ಮಾತ್ರ ಗೋಡೆ ಹಿಡಿದುಕೊಂಡು ನಕ್ಕಿದ್ದಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಕಣ್ಣಲ್ಲಿ ನೀರು. ಅದಕ್ಕೆಂದು ನಗುವುದನ್ನು ಬಿಟ್ಟವಳಲ್ಲ.

ಇನ್ನು ಆ ರಕ್ತದ ನಂಬರು. ಅದಕ್ಕೆ ಸಿಆರ್‌ಪಿ ಅನ್ನುತ್ತಾರೆ. ಮೈಸೂರಿನಲ್ಲಿ ಹುಡುಗಿಯನ್ನು ನೋಡುತ್ತಿದ್ದ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: "ಕ್ರಿಮಿ ಜೊತೆ ಮೈ ಹೊಡೆದಾಡ್ತಾನೇ ಇರುತ್ತೆ ಯಜಮಾನ್ರೇ. ಹೊಡೆದಾಟ ಜೋರಾದಾಗ ಲಿವರು ಒಂದು ಪ್ರೋಟೀನನ್ನ ರಕ್ತಕ್ಕೆ ಬಿಡುತ್ತೆ. ಅದನ್ನ ಅಳೆದ್ರೆ ಒಳಗೆ ಉರಿಯೂತ ಎಷ್ಟಿದೆ ಅಂತ ಒಂದು ಅಂದಾಜು ಸಿಗುತ್ತೆ. ಆದ್ರೆ ಅದು ಅಂದಾಜು ಅಷ್ಟೇ. ಕೆಲವರಿಗೆ ಎದೆಯೊಳಗೇ ಊತ ನಡೀತಾ ಇದ್ರೂ ರಕ್ತದಲ್ಲಿ ಕಾಣಲ್ಲ. ಕಫ ತೆಗೆದು ಅದರಲ್ಲೇ ನೋಡೋ ಪರೀಕ್ಷೆಗಳೂ ಇವೆ, ಅವು ಎಲ್ಲಾ ಕಡೆ ಸಿಗಲ್ಲ. ಅದಕ್ಕೇ ನಂಬರು ಏರಿದ್ರೆ ಓಡಿ ಬನ್ನಿ. ನಂಬರು ಏರದೆ ಇವಳು ಆಗಲ್ಲ ಅಂದ್ರೂ ಓಡಿ ಬನ್ನಿ."

ಅಣ್ಣಯ್ಯ ತಲೆಯಾಡಿಸಿದ. ಮೊದಲ ಅರ್ಧ ಮನೆಗೆ ತಂದ, ಎರಡನೇ ಅರ್ಧ ಅಲ್ಲೇ ಬಿಟ್ಟು ಬಂದ.

ಅದಾದ ಸ್ವಲ್ಪ ದಿನಕ್ಕೇ ಮೇಲೆ ಹೇಳಿದ ಆ ಸಾಯಂಕಾಲ. ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಹಾಕಿಸಿಕೊಂಡು ಬಂದಿದ್ದಳು, ನಂಬರು ಇಳಿದಿತ್ತು. ಇಳಿದ ಮೇಲೂ ಮನೆಯಲ್ಲಿ ಮೆಷಿನ್ನಿನಿಂದ ಆವಿಯ ಹಾಗೆ ಒಂದು ಔಷಧಿಯನ್ನು ದಿನವೂ ಎಳೆದುಕೊಳ್ಳಬೇಕು, ನಿಲ್ಲಿಸಬಾರದು ಅಂದಿದ್ದರು. ಅಣ್ಣಯ್ಯ ನಿಲ್ಲಿಸಿದ.

"ಡಾಕ್ಟ್ರಮ್ಮ ನಿಲ್ಲುಸ್ಬ್ಯಾಡ ಅಂದವ್ರೆ ಅಲ್ವ?" ಅಂದೆ.

"ನೀನ್ ಪಾಕ ಕಾಯ್ಸಿದ್ದೀಯೇನೆ? ನೊರೆ ತಗ್ಗಿದ್ ಮ್ಯಾಲೂ ಉರಿ ಹಾಕ್ತಾ ಇದ್ರೆ ಕೊಪ್ಪರಿಗೆ ತಳ ಇಡೀತದೆ. ಇಷ್ಟೊಂದ್ ಔಸ್ದಿ ಆ ಕೂಸಿನ್ ಮೈಗೆ ಹೊಯ್ದು ಹೊಯ್ದು ಕರಕಾಗೋಗವಳೆ, ನೋಡು. ಬುಡು, ಒಸಿ ಆರ್ಲಿ."

ಕೇಳಿದವರಿಗೆಲ್ಲ ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ ಮಾತು ಕೇಳುವುದಕ್ಕೂ ಚೆನ್ನಾಗಿತ್ತು. ಮೆಷಿನ್ನು ಅಟ್ಟಕ್ಕೆ ಹೋಯಿತು. ಅತ್ತಿಗೆ ಬೆಳಗ್ಗೆ ಮಾತ್ರ ಕಫ ಸಡಿಲವಾಗಲಿ ಅಂತ ಮಗಳನ್ನು ಬೋರಲು ಮಲಗಿಸಿ ಬೆನ್ನು ತಟ್ಟುವುದನ್ನು ಬಿಡಲಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಣ್ಣಯ್ಯನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವವಳಲ್ಲ. ಬೆಂಗಳೂರಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಹತ್ತಿದ್ದನ್ನು ಕಂಡಿದ್ದೇನೆ. ಬೆಲ್ಲದ ಮೊದಲ ಬಿಸಿ ಉಂಡೆ ಅವಳ ಬಾಯಿಗೆ ಹೋಗದೆ ಬೇರೆಯವರಿಗೆ ಸಿಗುತ್ತಿರಲಿಲ್ಲ. ಪ್ರೀತಿ ಇತ್ತು. ಆದರೆ ಅವಳ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಕಣ್ಣಿಗೆ ಕಂಡ ನೊರೆಯನ್ನು ನಂಬುವ ಮನುಷ್ಯ ಅವನು. ಕೊಪ್ಪರಿಗೆ ಬಾಯಿ ಬಿಟ್ಟು ಏನಾದರೂ ಹೇಳಿದರೆ ಕೇಳುತ್ತಾನೆಯೇ?

ಕಬ್ಬು ಅರೆಯುವ ಕೆಲಸ ಭರದಿಂದ ನಡೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಹುಡುಗಿ ಕಾಲೇಜಿನಿಂದ ನೇರ ಮದ್ದೂರಿಗೆ ನಮ್ಮ ಮನೆಗೆ ಬಂದಳು. ಬಾಗಿಲ ಮೆಟ್ಟಿಲು ಹತ್ತಿ, ಮಾತಾಡಲಾಗದೆ, ತಡಿ ಅಂತ ಕೈಯಾಡಿಸಿದಳು. ಚೂಡಿದಾರದ ಸೊಂಟಕ್ಕೆ ಪಿನ್ನು ಹಾಕಿ ಬಿಗಿ ಮಾಡಿದ್ದಳು. ಉಸಿರು ಸಿಕ್ಕಿದ ಮೇಲೆ ಡಬ್ಬಿ ತೆರೆದು ತೋರಿಸಿದಳು. ಕಫ ಪಾಚಿ ಬಣ್ಣಕ್ಕಿತ್ತು.

"ಅತ್ತೆ, ಒಳಗೆ ಏನೋ ಕೆಟ್ಟದೆ ಕಣತ್ತೆ. ನನ್ ಎದೆ ನಂಗೊತ್ತು."

ನಾನು ಅಲ್ಲೇ ಡಾಕ್ಟರಮ್ಮನಿಗೆ ಫೋನು ಮಾಡಿದೆ. "ಇವತ್ತೇ ಕರ್ಕೊಂಡು ಬನ್ನಿ, ಬೆಡ್ ಮಾಡಿಸ್ತೀನಿ" ಅಂದರು.

"ನಡಿ, ಮೈಸೂರಿಗೆ ಓಗನ" ಅಂತ ನಾನು ಸೀರೆ ಬದಲಾಯಿಸಲು ಎದ್ದೆ. ಅವಳು ಏಳಲಿಲ್ಲ.

"ಅಪ್ಪಯ್ಯ ಬರ್ಬೇಕು."

"ಆಮ್ಯಾಲ್ ಬತ್ತಾನೆ ಬಾ."

"ಇಲ್ಲ ಅತ್ತೆ. ನೀನ್ ಕರ್ಕೊಂಡೋದ್ರೆ ನಾನ್ ನಾಟಕ ಆಡ್ದೆ, ನೀನ್ ನಂಬ್ದೆ ಅಂತ ಆಯ್ತದೆ. ಆಮೇಲೆ ಅಟ್ಟದಲ್ಲಿರೋ ಮೆಷಿನ್ನು ಅಟ್ಟದಲ್ಲೇ ಇರ್ತದೆ. ನೀನ್ ಎಷ್ಟ್ ಸಲ ಕರ್ಕೊಂಡ್ ಓಡಿಯಾ? ನಾನಿರೋದು ಅವನ ಮನೇಲಿ. ಅವನೇ ನಂಬ್ಬೇಕು."

ಎಷ್ಟು ಬೈದರೂ ಜಗ್ಗಲಿಲ್ಲ. ಅಪ್ಪನ ಮಗಳೇ.

ಇಬ್ಬರೂ ಬಸ್ಸು ಹತ್ತಿ ಊರಿಗೆ ಹೋದೆವು. ಅಣ್ಣಯ್ಯ ಊಟಕ್ಕೆ ಬಂದಿದ್ದ. ಅವಳು ಹೇಳಿದಳು, ನಾನು ಹೇಳಿದೆ, ಡಾಕ್ಟರಮ್ಮ ಅಂದದ್ದನ್ನೂ ಹೇಳಿದೆ. ಅವನು ಮುದ್ದೆ ಮುರಿಯುತ್ತ ಕೇಳಿದ್ದು ಒಂದೇ.

"ನಂಬ್ರು ಎಷ್ಟದೆ?"

"ನಂಬ್ರು ನೋಡ್ಸಿಲ್ಲ. ಕೂಸು ಆಗಲ್ಲ ಅಂತದೆ."

"ನೋಡ್ಸಿ. ಏರಿದ್ರೆ ಗಾಣ ನಿಲ್ಸಿ ಬತ್ತೀನಿ. ಏರ್ದೇ ಇದ್ರೆ ಓಗಿ ಏನ್ ಮಾಡ್ಬೇಕು? ಅಲ್ಲಿ ಮಲ್ಗುಸ್ಕಂಡು ಇನ್ನೊಂದ್ ರೋಗ ಅಂಟ್ಸಿ ಕಳಿಸ್ತಾರೆ."

ಅವ್ವ ಒಳಗಿನಿಂದ ಒಗ್ಗರಣೆ ಹಾಕಿದಳು. "ನಮ್ ಕಾಲ್ದಲ್ಲಿ ಕೆಮ್ಮು ಬಂದ್ರೆ ಕೆಮ್ತಿದ್ದೋ. ಇವ್ಳು ಕೆಮ್ಮೋಕೂ ಡಾಕ್ಟ್ರನ್ನ ಕೇಳ್ತಾಳೆ. ಪರೀಕ್ಸೆ ಬಂದದಾ ಏನೇ ಕಾಲೇಜ್ನಲ್ಲಿ?"

"ಹೂಂ ಕಣಜ್ಜಿ," ಅಂದಳು ಹುಡುಗಿ, "ಉಸ್ರಾಡೋ ಪರೀಕ್ಸೆ. ನಿನ್ ಎದೇನ ಒಂದಿನ ಬಾಡ್ಗೆಗೆ ಕೊಡು, ಬರ್ದು ವಾಪಸ್ ತಂದ್ಕೊಡ್ತೀನಿ."

ಮರುದಿನ ಲ್ಯಾಬಿನಲ್ಲಿ ರಕ್ತ ಕೊಟ್ಟಳು. ಸಂಜೆ ನಂಬರು ಬಂತು. ಒಂದಂಕಿಯೇ.

ಆ ದಿನ ಅಣ್ಣಯ್ಯನ ಮುಖ ನೋಡಬೇಕಿತ್ತು. ಕೋಪವಿಲ್ಲ, ನೆಮ್ಮದಿ. ಗೆದ್ದ ನೆಮ್ಮದಿ. "ನೋಡ್ದಾ? ರಕ್ತ ಸುಳ್ ಏಳ್ತದಾ? ಬಾಯಿ ಏಳ್ತದೆ ಸುಳ್ಳ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಓದಿ ಓದಿ ತಲೆ ಕೆಡ್ಸ್ಕಂಡವಳೆ. ಎರಡ್ ದಿನ ಮನೇಲಿರು ಮಗ, ಮೊಟ್ಟೆ ತಿನ್ನು, ಸರ್ಯಾಯ್ತದೆ."

ನಾನು ಮತ್ತೆ ಡಾಕ್ಟರಮ್ಮನ ಮಾತು ಎತ್ತಿದೆ. ಎದೆಯೊಳಗಿನ ಊತ ರಕ್ತದಲ್ಲಿ ಕಾಣದೆ ಇರಬಹುದು ಅಂತ ಅವರೇ ಹೇಳಿರಲಿಲ್ಲವಾ ಅಂದೆ. ಅಣ್ಣಯ್ಯ ನಕ್ಕ. "ಕಾಣ್ದೇ ಇರೋ ಬೆಂಕಿಗೆ ನೀರ್ ಹುಯ್ಯೋಕೆ ನಂಗೆ ಪುರುಸೊತ್ತಿಲ್ಲ ಕಣಮ್ಮ. ಗಾಣ ನಡೀತಾ ಅದೆ."

ಅತ್ತಿಗೆ ಹೊಸ್ತಿಲಲ್ಲಿ ನಿಂತು ಸೆರಗಿನ ಚುಂಗು ಸುತ್ತುತ್ತಿದ್ದಳು. ಮಾತಾಡೇ ಅಂತ ನಾನು ಕಣ್ಣಲ್ಲೇ ಅಂದೆ. ಅವಳು ಮಗಳ ಡಬ್ಬಿ ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಅಣ್ಣಯ್ಯ, ಅವ್ವ ಹುಡುಗಿ ಸರಿಹೋಗಲಿ ಅಂತ ಕಾಯುತ್ತಿದ್ದರೆ, ನಾನು, ಅತ್ತಿಗೆ, ಆ ಹುಡುಗಿ, ನಾವು ಮೂವರು ಹೆಂಗಸರು ನಂಬರು ಏರಲಿ ಅಂತ ಕಾಯುತ್ತಿದ್ದೆವು. ಬೆಳಗ್ಗೆ ದೀಪ ಹಚ್ಚಿ ಕೈ ಮುಗಿದರೆ ಬಾಯಲ್ಲಿ ಬರುತ್ತಿದ್ದದ್ದು ಅದೇ: ಅಮ್ಮ, ಕೂಸಿನ ರಕ್ತ ಕೆಡಲಿ. ಯಾವ ದೇವರು ಇಂಥ ಬೇಡಿಕೆ ಕೇಳಿದ್ದೀತು?

ಹುಡುಗಿ ದೇವರನ್ನು ನೆಚ್ಚಿ ಕೂರಲಿಲ್ಲ. ಮುಂದಿನ ರಕ್ತಪರೀಕ್ಷೆ ಮಾಡಿಸುವ ಹಿಂದಿನ ದಿನ ಆಲೆಮನೆಗೆ ಹೋದಳು. ನಾನೂ ಅವತ್ತು ಊರಲ್ಲೇ ಇದ್ದೆ. ಎಲ್ಲಿಗೆ ಹೊರಟೆ ಅಂದರೆ "ನಂಬ್ರು ಏರಿಸ್ಕೊಂಡ್ ಬತ್ತೀನಿ" ಅಂದಳು. ತಮಾಷೆ ಅಂದುಕೊಂಡು ಹಿಂದೆಯೇ ಹೋದೆ.

ಆಲೆಮನೆಯ ಒಲೆ ನೆಲದೊಳಗೆ ಇರುತ್ತದೆ. ಒಂದು ಕಡೆ ಬಾಯಿ, ಅದಕ್ಕೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇರಬೇಕು. ಗಾಳಿ ತಿರುಗಿದಾಗ ಹೊಗೆ ಆ ಬಾಯಿಂದಲೇ ವಾಪಸು ಬರುತ್ತದೆ, ಗಟ್ಟಿ ಆಳುಗಳೇ ಮುಖಕ್ಕೆ ಟವೆಲು ಕಟ್ಟಿಕೊಳ್ಳುತ್ತಾರೆ. ಅವಳು ನೇರ ಅಲ್ಲಿಗೆ ಹೋಗಿ ಸಿಪ್ಪೆಯ ರಾಶಿ ಮೇಲೆ ಕೂತಳು. ಬಾಯಿ ತೆರೆದು ಉಸಿರು ಎಳೆದುಕೊಳ್ಳತೊಡಗಿದಳು. ಮೆಷಿನ್ನಿನ ಆವಿ ಎಳೆಯುವ ಹಾಗೆ, ಅದೇ ಶ್ರದ್ಧೆಯಿಂದ.

"ಏಯ್, ಎದ್ದ್ ಬಾರೇ ಈಚೆಗೆ!" ಅಂತ ನಾನು ಕೂಗಿದೆ.

ಒಲೆಗೆ ಹಾಕುತ್ತಿದ್ದ ಆಳು ತಿರುಗಿ ನೋಡಿ, "ಏನವ್ವ, ಬಿಸಿ ಬೆಲ್ಲಕ್ಕೆ ಬಂದ್ಯಾ? ಅತ್ಲಾಗ್ ಕೂತ್ಕೊ, ಒಗೆ" ಅಂದ. ಅವಳು ತಲೆಯಾಡಿಸಿದಳು, ಏಳಲಿಲ್ಲ. ಕೆಮ್ಮು ಬಂತು, ಅದನ್ನು ತಡೆದುಕೊಂಡಳು, ಮತ್ತೆ ಎಳೆದಳು.

ಕೊಪ್ಪರಿಗೆ ಹತ್ತಿರ ಹದ ನೋಡುತ್ತಿದ್ದ ಅಣ್ಣಯ್ಯ ಆಗ ಅವಳನ್ನು ಕಂಡ. ಆಳುಗಳ ಕಡೆ ತಿರುಗಿ, ಪಾಕ ಕಲಕುವ ಹುಟ್ಟು ಎತ್ತಿ ತೋರಿಸಿದ.

"ನೋಡ್ರಲಾ! ನಾಕ್ ಆಳು ಕಣ್ಣುಜ್ಕೊಂಡ್ ಈಚೆಗ್ ಓಡಿ ಬರೋ ಒಗೇಲಿ ಎಂಗ್ ಕೂತವಳೆ ಅಂತ! ಎದೆ ಕೆಟ್ಟೋಗದೆ, ಮೈಸೂರ್ಗೆ ಕರ್ಕೊಂಡೋಗಪ್ಪಯ್ಯ ಅಂತಿದ್ದೋಳು ಇವಳೇ ಕಣ್ರಲಾ!"

ಆಳುಗಳು ನಕ್ಕರು. ಕೆಟ್ಟ ಜನವಲ್ಲ, ಯಜಮಾನ ನಕ್ಕನಲ್ಲ ಅಂತ ನಕ್ಕರು. ಹುಡುಗಿಯೂ ನಕ್ಕಳು. ಆ ನಗುವಿನಲ್ಲೇ ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೆ ಬಂದು ರಾಶಿ ಮೇಲೆ ಮಗುಚಿಕೊಂಡಳು. ನಾನು ತೋಳು ಹಿಡಿದು ಎಳೆದು ತಂದೆ. ಗದ್ದೆ ಬದುವಿನ ಮೇಲೆ ಕೂತು ಅವಳು ಅಂದದ್ದು, "ಇಷ್ಟ್ ಎಳ್ದಿದ್ದೀನಿ ಅತ್ತೆ, ಇವತ್ತಾದ್ರೂ ಏರ್ತದೆ ಅಲ್ವ?"

ಏರಲಿಲ್ಲ. ಮರುದಿನದ ನಂಬರು ಹಿಂದಿನದಕ್ಕಿಂತ ಒಂದು ಕೂದಲೆಳೆ ಕಡಿಮೆಯೇ ಇತ್ತು.

ಅಣ್ಣಯ್ಯನಿಗೆ ತೋರಿಸಲು ಅವಳು ಹೋಗಲಿಲ್ಲ. ನಾನು ಹೇಳಿದೆ. ಅವನು ಏನೂ ಹಂಗಿಸಲಿಲ್ಲ ಆ ಸಲ. "ಸದ್ಯ" ಅಂದ ಅಷ್ಟೇ. ನಾನು ಮದ್ದೂರಿಗೆ ಹೊರಡುವಾಗ ಒಂದು ಅಚ್ಚು ಬೆಲ್ಲ ಕೈಗಿಟ್ಟ. ಬಣ್ಣ ಚಿನ್ನದ ಹಾಗಿತ್ತು.

ಆ ವಾರ ಮುಗಿಯುವ ಮೊದಲೇ, ಬೆಳಗ್ಗೆ ಬೆನ್ನು ತಟ್ಟುತ್ತಿದ್ದಾಗ ಅವಳ ಬಾಯಿಂದ ಕಫದ ಬದಲು ರಕ್ತ ಬಂತು. ಎಳೆಯಷ್ಟಲ್ಲ, ಲೋಟದಷ್ಟು. ಅತ್ತಿಗೆ ಕಿರುಚಿಕೊಂಡದ್ದು ಆಲೆಮನೆಗೆ ಕೇಳಿಸಿತಂತೆ. ಅಣ್ಣಯ್ಯ ಕುದಿಯುವ ಪಾಕ ಬಿಟ್ಟು ಓಡಿ ಬಂದ. ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯಕ್ಕೆ, ಅಲ್ಲಿ ರಕ್ತ ನಿಲ್ಲಲು ಸೂಜಿ ಹಾಕಿ, ಅಲ್ಲಿಂದ ಮೈಸೂರಿಗೆ. ನಾನು ಮದ್ದೂರಿನಿಂದ ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ.

ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಬಂದು, ಸಿಆರ್‌ಪಿ ನೂರು ದಾಟಿದೆ ಅಂದರು. ಅವರ ದನಿಯಲ್ಲಿ ಕೋಪ ಇತ್ತು, ಆದರೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಂಚದ ಮೇಲಿಂದ ಆಕ್ಸಿಜನ್ ಮಾಸ್ಕು ಸರಿಸಿ ಹುಡುಗಿ ಕೇಳಿದಳು, "ಎಷ್ಟಂತೆ ಅಪ್ಪಯ್ಯ?"

"ನೂರ್ ದಾಟ್ಬುಟ್ಟದಂತೆ ಕಣ್ ಮಗ."

"ಅಂಗಾರೆ ಪಾಸಾದೆ ಅನ್ನು."

ಅಣ್ಣಯ್ಯ ನಕ್ಕುಬಿಟ್ಟ. ಅವನಿಗೆ ನಿಜವಾಗಿ ಸಂತೋಷವೇ ಆಗಿತ್ತು. ಈಗ ಕಣ್ಣಿಗೆ ಕಂಡಿತಲ್ಲ, ಈಗ ಔಷಧಿ ಹಾಕಬಹುದು, ಈಗ ಇಳಿಸಬಹುದು. ಗಾಣ ನಿಲ್ಲಿಸಲು ಫೋನಿನಲ್ಲಿ ಹೇಳಿದ. ಆಸ್ಪತ್ರೆಯ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಕೂತ.

ದೊಡ್ಡ ದೊಡ್ಡ ಔಷಧಿ ನರಕ್ಕೆ ಹರಿಯತೊಡಗಿದವು. ನಂಬರು ಇಳಿಯತೊಡಗಿತು. ರಿಪೋರ್ಟು ಬಂದಾಗಲೆಲ್ಲ ಅಣ್ಣಯ್ಯ ನರ್ಸುಗಳನ್ನು ಬೆನ್ನು ಹತ್ತಿ ಕೇಳುತ್ತಿದ್ದ. ಊರಿನವರು ನೋಡಲು ಬಂದರೆ, "ಇಳೀತಾ ಅದೆ, ನೂರ್ರಿಂದ ಅರ್ಧಕ್ಕೆ ಬಂತು, ಅರ್ಧದಿಂದ ಇನ್ನೂ ಕೆಳೀಕ್ ಬಂತು" ಅಂತ ಹೇಳುತ್ತಿದ್ದ. ಅದೇ ದಿನಗಳಲ್ಲಿ ಆಕ್ಸಿಜನ್ ಏರುತ್ತಲೇ ಇತ್ತು. ಮಾಸ್ಕು ಹೋಗಿ ಬೇರೆ ದೊಡ್ಡ ಮಾಸ್ಕು ಬಂತು, ಗಾಳಿ ಒತ್ತಿ ತಳ್ಳುವ ಮೆಷಿನ್ನು ಬಂತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಡಾಕ್ಟರಮ್ಮ ಒಂದು ದಿನ ಅವನನ್ನು ಕರೆದು ಮೆಲ್ಲಗೆ ಹೇಳಿದರು. "ನಂಬರು ಇಳಿದಿದೆ ಯಜಮಾನ್ರೇ, ನಿಜ. ಆದ್ರೆ ಉಸಿರಾಡೋಕೆ ಅವಳಿಗೆ ಎದೆ ಉಳಿದಿಲ್ಲ. ಬಹಳ ದಿನದಿಂದ ಒಳಗೊಳಗೇ ಹೋಗಿದೆ."

ಅವನು ಕೇಳಿದ, "ಹಂಗಾದ್ರೆ ನಂಬ್ರು ಯಾಕ್ ಇಳೀತು?"

ಅದಕ್ಕೆ ಉತ್ತರ ಅವರು ಮೊದಲೇ ಕೊಟ್ಟಾಗಿತ್ತು.

ಹುಡುಗಿಗೆ ಮಾತಾಡುವ ಶಕ್ತಿ ಹೋಗಿತ್ತು. ತಾಯಿ ಪಕ್ಕದಲ್ಲಿ ಕೂತರೆ ಬೆರಳಿನಿಂದ ತನ್ನ ಬೆನ್ನು ತೋರಿಸುತ್ತಿದ್ದಳು. ಅತ್ತಿಗೆ ಅವಳನ್ನು ಸ್ವಲ್ಪವೇ ಒರಗಿಸಿ ತಟ್ಟುತ್ತಿದ್ದಳು. ಕೊನೆಯ ದಿನ ಬೆಳಗ್ಗೆಯೂ ತಟ್ಟುತ್ತಿದ್ದಳು. ನರ್ಸು ಬಂದು ನೋಡಿ, "ಸಾಕಮ್ಮ, ಬಿಡಿ" ಅಂದಳು. ಅತ್ತಿಗೆ ಬಿಡಲಿಲ್ಲ. ನರ್ಸು ಅವಳ ಎರಡೂ ಕೈ ಹಿಡಿದುಕೊಂಡು ನಿಲ್ಲಿಸಬೇಕಾಯಿತು.

ಹೆಣದ ಜೊತೆ ಕೈಗೆ ಕೊಟ್ಟ ಕಾಗದಗಳಲ್ಲಿ ಕೊನೆಯ ರಕ್ತದ ರಿಪೋರ್ಟೂ ಇತ್ತು. ಸಿಆರ್‌ಪಿ ಮತ್ತೆ ಒಂದಂಕಿಗೆ ಬಂದಿತ್ತು. ಅಣ್ಣಯ್ಯ ಅದನ್ನು ಆಂಬುಲೆನ್ಸಿನಲ್ಲಿ ಮಂಡ್ಯ ದಾಟುವ ತನಕ ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದ.

ನಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ಕಡಿದು ಹಾಕಿದ ಕಬ್ಬು ಒಣಗುತ್ತದೆ ಅಂತ ಮೂರನೇ ದಿನ ಮಣ್ಣಿಗೆ ಹಾಲುತುಪ್ಪ ಬಿಟ್ಟ ಮಾರನೇ ದಿನವೇ ಗಾಣ ಮತ್ತೆ ತಿರುಗಿತು. ಅವ್ವ ಅತ್ತಿಗೆಯ ಮುಂದೆ ಕೂತು, "ಅಳ್ಬ್ಯಾಡ, ಬದುಕಿದ್ರೂ ಯಾರ್ ಮದ್ವೆ ಆಗ್ತಿದ್ರು ಅವಳ್ನ" ಅಂತ ಸಮಾಧಾನ ಹೇಳಿದಳು. ಸಮಾಧಾನವೆಂದೇ ಹೇಳಿದ್ದು. ಅತ್ತಿಗೆ ಅಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಾನು ಊರಲ್ಲಿದ್ದ ಒಂದು ದಿನ, ಮಳವಳ್ಳಿ ಕಡೆಯ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಸೊಂಟದ ಮೇಲೆ ಸಣ್ಣ ಹೆಣ್ಣುಮಗು, ಕಡ್ಡಿ ಹಾಗಿನ ಕಾಲು, ಗೊರಗೊರ ಎದೆ. ಅದೇ ಕಾಯಿಲೆ ಅಂದಿದ್ದಾರಂತೆ. ಈ ಮನೆಯಲ್ಲಿ ಒಂದು ಹುಡುಗಿ ಇತ್ತು, ಅವರನ್ನು ಕೇಳು ಅಂತ ಯಾರೋ ಹೇಳಿ ಕಳಿಸಿದ್ದರು.

ಅತ್ತಿಗೆ ನೀರು ತಂದುಕೊಟ್ಟಳು. ಹೆಂಗಸು ಅಣ್ಣಯ್ಯನ ಕಡೆ ನೋಡಿ ಕೇಳಿದಳು, "ಯಾವಾಗ ಆಸ್ಪತ್ರೆಗೆ ಓಡ್ಬೇಕು, ಯಾವಾಗ ಸುಮ್ಕಿರ್ಬೋದು ಅಂತ ಗೊತ್ತಾಗಕಿಲ್ಲ ಕಣ್ರಯ್ಯ. ನಿಮ್ಗೆ ಎಂಗ್ ಗೊತ್ತಾಗ್ತಿತ್ತು?"

ಅಣ್ಣಯ್ಯ ಕಂಬಕ್ಕೆ ಒರಗಿಕೊಂಡೇ ಅಂದ, "ಸಿಆರ್‌ಪಿ ಅಂತ ಒಂದ್ ರಕ್ತಪರೀಕ್ಸೆ ಅದೆ ಕಣಮ್ಮ. ಅದ್ನ ಮಾಡ್ಸು. ನಂಬ್ರು ಏರ್ದೇ ಇದ್ರೆ ಏನೂ ಭಯ ಇಲ್ಲ. ಮಕ್ಳು ಸುಮ್ಸುಮ್ಕೆ ಆಗಲ್ಲ ಆಗಲ್ಲ ಅಂತವೆ. ಅದ್ಕೆಲ್ಲ ಎದರ್ಬಾರ್ದು."

ಅತ್ತಿಗೆ ಹೊಸ್ತಿಲು ದಾಟಿ ಜಗಲಿಗೆ ಬಂದಳು. ಆ ಹೆಂಗಸಿನ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟಳು. "ಏಳವ್ವ" ಅಂದಳು. "ಇವರ ಮಾತ ಕೇಳ್ಬ್ಯಾಡ. ಕೂಸು ಆಗಲ್ಲ ಅಂದ ದಿನವೇ ಎತ್ಕೊಂಡ್ ಓಡು."

ಅಣ್ಣಯ್ಯ, "ಏನಂದೇ?" ಅಂದ. ಅವ್ವ, "ಲೇ, ಗಂಡನ್ ಮುಂದೆ…" ಅಂತ ಶುರು ಮಾಡಿದಳು. ಅತ್ತಿಗೆ ಯಾರ ಕಡೆಯೂ ತಿರುಗಲಿಲ್ಲ. ಮಗುವನ್ನು ತನ್ನ ಸೊಂಟಕ್ಕೆ ತೆಗೆದುಕೊಂಡು ಆ ಹೆಂಗಸಿನ ಜೊತೆ ರಸ್ತೆಯ ತನಕ ನಡೆದಳು. ನಾನೂ ಅವತ್ತು ಮದ್ದೂರಿಗೆ ಹೊರಡುವವಳಿದ್ದೆ, ನನ್ನ ಚೀಲ ಹಿಡಿದುಕೊಂಡು ಹಿಂದೆ ಹೋದೆ. ಮೈಸೂರಿನ ಡಾಕ್ಟರಮ್ಮನ ಹೆಸರು, ಜಾಗ ಎಲ್ಲ ಹೇಳಿ ಅತ್ತಿಗೆ ಅವರನ್ನು ಮಳವಳ್ಳಿ ಬಸ್ಸಿಗೆ ಹತ್ತಿಸಿದಳು.

ಬಸ್ಸು ಹೋದ ಮೇಲೆ ರಸ್ತೆ ದಾಟಿ ಆ ಕಡೆ ನಿಂತಳು. ನಾನೂ ದಾಟಿದೆ. ಮದ್ದೂರು ಬಸ್ಸು ಬಂದಾಗ ನನ್ನ ಜೊತೆ ಅವಳೂ ಹತ್ತಿದಳು. ಟಿಕೆಟ್ಟು ನಾನು ತೆಗೆಸಿದೆ. ಈಗ ನಮ್ಮ ಮನೆಯಲ್ಲೇ ಇದ್ದಾಳೆ.